ರಕ್ತಪರೀಕ್ಷೆಯ ಮರುದಿನ ಏನು? ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ಪ್ರಾಸ್ಟೇಟ್ ಕ್ಯಾನ್ಸರ್ ಜಾಗೃತಿ ಎಂದರೆ ನವೆಂಬರ್ ತಿಂಗಳ ನಡಿಗೆ, ನೀಲಿ ರಿಬ್ಬನ್, ಉಚಿತ ಪಿಎಸ್‌ಎ ಶಿಬಿರ ಎಂದಾಗಿಬಿಟ್ಟಿದೆ. ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ತಯಾರಿಸುವ ಒಂದು ಪ್ರೋಟೀನನ್ನು ರಕ್ತದಲ್ಲಿ ಅಳೆಯುವ ಪರೀಕ್ಷೆಯೇ ಪಿಎಸ್‌ಎ. ಅವು ಬೇಡವೆಂದು ಹೇಳಲು ನಾವು ಬರೆಯುತ್ತಿಲ್ಲ. ಶಿಬಿರ ಮುಗಿದ ಮರುದಿನ, ಪಿಎಸ್‌ಎ 7.2, ಅಂದರೆ ಹೆಚ್ಚು, ಎಂದು ಬರೆದ ಚೀಟಿ ಹಿಡಿದವನು ಯಾರ ಬಳಿ ಹೋಗಬೇಕು ಎಂಬುದು ಶಿಬಿರ ಶುರುವಾಗುವ ಮೊದಲೇ ತೀರ್ಮಾನವಾಗಿರಬೇಕು. ನಮ್ಮ ಕೋರಿಕೆಯ ತಿರುಳು ಇಷ್ಟೇ.

ಮೊದಲು ಪೋಸ್ಟರುಗಳನ್ನು ತಿದ್ದಿಸಿ. ‘ಮೂತ್ರಕ್ಕೆ ತೊಂದರೆಯೇ? ಕ್ಯಾನ್ಸರ್ ಇರಬಹುದು’ ಎಂಬ ಬರಹ ಜನರನ್ನು ದಾರಿ ತಪ್ಪಿಸುತ್ತದೆ. ಈ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಗ್ರಂಥಿಯ ಹೊರಭಾಗದಲ್ಲಿ, ಮೂತ್ರನಾಳದಿಂದ ದೂರದಲ್ಲಿ. ಹಾಗಾಗಿ ಆರಂಭದಲ್ಲಿ ಲಕ್ಷಣವೇ ಇರುವುದಿಲ್ಲ. ಧಾರೆ ಸಣ್ಣದಾಗುವುದು, ರಾತ್ರಿ ಮತ್ತೆ ಮತ್ತೆ ಏಳುವುದು ಬಹುತೇಕ ವಯಸ್ಸಿನೊಂದಿಗೆ ಗ್ರಂಥಿಯ ಒಳಭಾಗ ಊದಿಕೊಳ್ಳುವುದರಿಂದ. ಅದು ಕ್ಯಾನ್ಸರ್ ಅಲ್ಲ. ಪೋಸ್ಟರ್ ಓದಿ ಹೆದರುವವರು ಇವರು. ತೊಂದರೆಯೇ ಇಲ್ಲದವರು ತಮಗಲ್ಲವೆಂದು ಮುಂದೆ ಹೋಗುತ್ತಾರೆ, ಮಾತು ತಲುಪಬೇಕಾದದ್ದು ಅವರಿಗೇ. ‘50 ದಾಟಿದ್ದರೆ, ತೊಂದರೆ ಇಲ್ಲದಿದ್ದರೂ ವೈದ್ಯರನ್ನು ಕೇಳಿ. ತಂದೆಗೋ ಅಣ್ಣತಮ್ಮಂದಿರಿಗೋ ಬಂದಿದ್ದರೆ, ಆಫ್ರಿಕನ್ ಮೂಲದವರಾಗಿದ್ದರೆ 45ಕ್ಕೇ ಕೇಳಿ’ ಎಂದು ಬರೆಸಿ. ತಾಯಿಯ ಕಡೆ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದರೂ ಹೇಳಬೇಕೆಂದು ಸೇರಿಸಿ. ಆ ಕ್ಯಾನ್ಸರುಗಳ ಅಪಾಯ ಹೆಚ್ಚಿಸುವ ಬಿಆರ್‌ಸಿಎ2 ಎಂಬ ಜೀನಿನ ದೋಷ ಗಂಡಸರಿಗೂ ಬರುತ್ತದೆ, ಪ್ರಾಸ್ಟೇಟ್ ಕ್ಯಾನ್ಸರಿನ ಅಪಾಯವನ್ನೂ ಹೆಚ್ಚಿಸುತ್ತದೆ.

ಇನ್ನು ಪಿಎಸ್‌ಎ. ಮಿಲಿಲೀಟರಿಗೆ 4 ನ್ಯಾನೋಗ್ರಾಂ ಎಂಬ ಗೆರೆಯನ್ನು ತೀರ್ಪಿನಂತೆ ಓದುವುದು ಶಿಬಿರಗಳಲ್ಲಿ ನಡೆಯುವ ದೊಡ್ಡ ತಪ್ಪು. ಮೂತ್ರದ ಸೋಂಕು, ಇತ್ತೀಚೆಗೆ ಹಾಕಿದ ಕ್ಯಾತಿಟರ್ (ಮೂತ್ರ ಹೊರತೆಗೆಯುವ ಕೊಳವೆ), ಎರಡು ದಿನದೊಳಗಿನ ವೀರ್ಯಸ್ಖಲನ ಇವೆಲ್ಲ ಅಂಕಿಯನ್ನು ಏರಿಸುತ್ತವೆ. ಸೋಂಕು ಇದ್ದವರು ಆರು ವಾರವಾದರೂ ಕಾಯಬೇಕು. ಇದಕ್ಕಿಂತ ಅಪಾಯಕಾರಿ ತಪ್ಪು ಇನ್ನೊಂದಿದೆ. ಗ್ರಂಥಿ ಕುಗ್ಗಿಸಲು ಕೊಡುವ ಫಿನಾಸ್ಟರೈಡ್, ಡುಟಾಸ್ಟರೈಡ್ ಮಾತ್ರೆಗಳು ಆರು ತಿಂಗಳಿಂದ ಒಂದು ವರ್ಷದಲ್ಲಿ ಪಿಎಸ್‌ಎಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತವೆ. ಅಂಥವರ ಚೀಟಿಯಲ್ಲಿ 3 ಎಂದಿದ್ದರೆ ಅದನ್ನು 6 ಎಂದೇ ಓದಬೇಕು. ‘ನಾರ್ಮಲ್’ ಎಂದು ಮನೆಗೆ ಕಳಿಸಿದರೆ ರೋಗ ಕೈತಪ್ಪುತ್ತದೆ. ರಕ್ತ ತೆಗೆಯುವ ಮುಂಚೆ ಇವನ್ನೆಲ್ಲ ಕೇಳುವ ಒಂದು ಹಾಳೆ ಸಾಕು. ಅದಿಲ್ಲದ ಶಿಬಿರಕ್ಕೆ ದಯವಿಟ್ಟು ಅನುಮತಿ ಕೊಡಬೇಡಿ.

ಅಂಕಿ ಹೆಚ್ಚಿದ್ದರೆ ಕೆಲವು ವಾರ ಬಿಟ್ಟು ಮರುಪರೀಕ್ಷೆ, ಆಗಲೂ ಹೆಚ್ಚಿದ್ದರೆ ಎಂಆರ್‌ಐ, ಅದರಲ್ಲಿ ಅನುಮಾನ ಬಂದರೆ ಬಯಾಪ್ಸಿ, ಅಂದರೆ ಸೂಜಿಯಿಂದ ಗ್ರಂಥಿಯ ಚೂರು ತೆಗೆದು ಪರೀಕ್ಷಿಸುವುದು. ಈ ಕ್ರಮ ತಪ್ಪಬಾರದು. ಎಂಆರ್‌ಐ ಬಿಟ್ಟು ನೇರ ಸೂಜಿ ಹಾಕಿದರೆ ಮುಖ್ಯವಾದ ಗಡ್ಡೆ ತಪ್ಪಿಹೋಗುತ್ತದೆ, ಲೆಕ್ಕಕ್ಕಿಲ್ಲದ್ದು ಸಿಗುತ್ತದೆ. ಗುದದ್ವಾರದ ಬದಲು ಅದರ ಮುಂದಿನ ಚರ್ಮದ ಮೂಲಕ ಸೂಜಿ ಹಾಕಿದರೆ ರಕ್ತಕ್ಕೆ ಸೋಂಕು ಹರಡುವ ಭಯ ಕಡಿಮೆ. ಯೂರೋಪಿನಲ್ಲಿ 23 ವರ್ಷ ಹಿಂಬಾಲಿಸಿದ ಅಧ್ಯಯನದ ಲೆಕ್ಕದಲ್ಲಿ 456 ಮಂದಿಯನ್ನು ಪರೀಕ್ಷೆಗೆ ಕರೆದರೆ ಒಂದು ಸಾವು ತಪ್ಪುತ್ತದೆ, ಅದರೊಂದಿಗೆ 12 ಮಂದಿಗೆ ಹೆಚ್ಚುವರಿಯಾಗಿ ಕ್ಯಾನ್ಸರ್ ಪತ್ತೆಯಾಗುತ್ತದೆ. ಆ ಲಾಭವೂ ನಿಜ, ಈ ಹೊರೆಯೂ ನಿಜ.

ಆ ಹನ್ನೆರಡು ಮಂದಿಯನ್ನು ನೋಡಿಕೊಳ್ಳುವವರು ಬೇಕು. ಬಯಾಪ್ಸಿ ವರದಿಯಲ್ಲಿ ರೋಗದ ತೀವ್ರತೆಯ ಅಂಕ ‘ಗ್ಲೀಸನ್ 6’ ಎಂದಿದ್ದರೆ ಹತ್ತರಲ್ಲಿ ಆರು, ರೋಗ ಅರ್ಧ ದಾಟಿತು ಎಂದು ಮನೆಮಂದಿಯೆಲ್ಲ ಕಂಗಾಲಾಗುತ್ತಾರೆ. ವಾಸ್ತವದಲ್ಲಿ ಬಯಾಪ್ಸಿಯಲ್ಲಿ ಕೊಡುವ ಅಂಕ ಶುರುವಾಗುವುದೇ 6ರಿಂದ. ಅದು ಎಲ್ಲಕ್ಕಿಂತ ಸೌಮ್ಯ ದರ್ಜೆ. ಇಂಥವರಲ್ಲಿ ಬಹಳ ಮಂದಿಗೆ ತಕ್ಷಣ ಚಿಕಿತ್ಸೆ ಬೇಡ, ನಿಗಾ ಸಾಕು. ಬ್ರಿಟನ್ನಿನಲ್ಲಿ, ಗ್ರಂಥಿಯೊಳಗೇ ಉಳಿದಿದ್ದ ಕ್ಯಾನ್ಸರಿನ 1,643 ಮಂದಿಯನ್ನು ನಿಗಾ, ಶಸ್ತ್ರಚಿಕಿತ್ಸೆ, ರೇಡಿಯೇಶನ್ ಎಂದು ಮೂರು ಗುಂಪು ಮಾಡಿದ್ದ ಅಧ್ಯಯನದ ಫಲಿತಾಂಶ 2023ರಲ್ಲಿ ಬಂತು: ಸುಮಾರು 15 ವರ್ಷಗಳ ಬಳಿಕ ಪ್ರಾಸ್ಟೇಟ್ ಕ್ಯಾನ್ಸರಿನಿಂದ ಸತ್ತವರು ಒಟ್ಟಾರೆ ಶೇ 2.7, ಮೂರೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ. ಆದರೆ ನಿಗಾ ಎಂದರೆ ಕೈಬಿಡುವುದಲ್ಲ. ಆರು ತಿಂಗಳಿಗೊಮ್ಮೆ ಪಿಎಸ್‌ಎ, ನಡುನಡುವೆ ಎಂಆರ್‌ಐ, ಬೇಕಾದಾಗ ಮತ್ತೆ ಬಯಾಪ್ಸಿ. ದಿನ ತಪ್ಪಿದವರನ್ನು ಕರೆದು ವಿಚಾರಿಸುವ ದಾಖಲೆ ಪುಸ್ತಕವಿಲ್ಲದೆ ಇದು ನಡೆಯದು. ಪ್ರತಿ ಕ್ಯಾನ್ಸರ್ ಆಸ್ಪತ್ರೆಯಲ್ಲೂ ಇದೇ ಕೆಲಸಕ್ಕೆ ತರಬೇತಾದ ಒಬ್ಬ ನರ್ಸ್, ಅವರಿಗೊಂದು ಫೋನ್ ಇರಲಿ. ನಮ್ಮ ದೃಷ್ಟಿಯಲ್ಲಿ ಹತ್ತು ಶಿಬಿರಗಳಿಗಿಂತ ಈ ಒಂದು ಹುದ್ದೆ ಹೆಚ್ಚಿನದು.

ಗ್ರಂಥಿ ತೆಗೆಯುವ ಶಸ್ತ್ರಚಿಕಿತ್ಸೆ ಆದವರಿಗೆ ಕ್ಯಾತಿಟರ್ ತೆಗೆದ ದಿನದಿಂದ ಮೂತ್ರ ಸೋರುತ್ತದೆ. ಬಹುತೇಕರಿಗೆ ಮೂರರಿಂದ ಹನ್ನೆರಡು ತಿಂಗಳಲ್ಲಿ ಹತೋಟಿಗೆ ಬರುತ್ತದೆ. ಮೂತ್ರವನ್ನು ಅರ್ಧದಲ್ಲಿ ತಡೆದಂತೆ ಕೆಳಸ್ನಾಯು ಬಿಗಿದು 10 ಸೆಕೆಂಡಿನವರೆಗೆ ಹಿಡಿದು ಬಿಡುವುದು, ಒಮ್ಮೆಗೆ 10 ಸಲ, ದಿನಕ್ಕೆ ಮೂರು ಹೊತ್ತು: ಈ ವ್ಯಾಯಾಮವನ್ನು ಆಪರೇಶನ್ನಿಗೆ ಕೆಲವು ವಾರ ಮುಂಚೆಯೇ ಕಲಿಸಬೇಕು. ಉಸಿರು ಕಟ್ಟಿ ಹೊಟ್ಟೆ ಬಿಗಿದರೆ ಪ್ರಯೋಜನವಿಲ್ಲ, ಕ್ಯಾತಿಟರ್ ಒಳಗಿರುವಾಗ ಮಾಡಬಾರದು. ಬರೀ ಕಾಗದ ಕೊಟ್ಟು ಕಳಿಸಿದರೆ ಈ ಎರಡೂ ತಪ್ಪುಗಳು ಆಗುತ್ತವೆ; ಫಿಸಿಯೋಥೆರಪಿಸ್ಟ್ ಒಮ್ಮೆಯಾದರೂ ಎದುರು ಕೂರಿಸಿ ಹೇಳಿಕೊಡಬೇಕು. ಇನ್ನೊಂದು ಬಹಳ ಸುಲಭದ ಕೆಲಸ: ಗಂಡಸರ ಸಾರ್ವಜನಿಕ ಶೌಚಾಲಯಗಳಲ್ಲಿ, ಬಾಗಿಲು ಹಾಕಿಕೊಳ್ಳುವ ಪ್ರತಿ ಕೋಣೆಯೊಳಗೆ ಮುಚ್ಚಳವಿರುವ ಬುಟ್ಟಿ ಇಡಿಸಿ. ಒದ್ದೆ ಪ್ಯಾಡನ್ನು ಚೀಲದಲ್ಲಿ ಹೊತ್ತು ತಿರುಗಬೇಕಾದವನು ಕ್ರಮೇಣ ಮನೆ ಬಿಟ್ಟು ಹೊರಡುವುದನ್ನೇ ನಿಲ್ಲಿಸುತ್ತಾನೆ. ಬುಟ್ಟಿ ಹೊರಗೆ ಕೈತೊಳೆಯುವಲ್ಲಿದ್ದರೆ ಯಾರೂ ಬಳಸುವುದಿಲ್ಲ.

ರೇಡಿಯೇಶನ್ ಬಗ್ಗೆ ಒಂದೇ ಮಾತು. 37 ದಿನದ ಚಿಕಿತ್ಸೆಯ ಬದಲು 20 ದಿನದ ಚಿಕಿತ್ಸೆ ಬಹುಪಾಲು ಜನರಿಗೆ ಅಷ್ಟೇ ಫಲ ಕೊಡುತ್ತದೆಂದು ಸಾಬೀತಾಗಿದೆ. ದೂರದಿಂದ ಬರುವವರಿಗೆ ಇದು ಮೂರು ವಾರಕ್ಕಿಂತ ಹೆಚ್ಚಿನ ಪ್ರಯಾಣ ಉಳಿಸುತ್ತದೆ.

ರೋಗ ಹರಡಿದವರಿಗೆ, ಈ ಕ್ಯಾನ್ಸರನ್ನು ಬೆಳೆಸುವ ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನನ್ನು ಇಳಿಸಲು ಹಾರ್ಮೋನ್ ಇಂಜೆಕ್ಷನ್ ಕೊಡುತ್ತಾರೆ. ಸಾಮಾನ್ಯವಾಗಿ ಬಳಸುವ ಬಗೆಯಲ್ಲಿ ಮೊದಲ ಡೋಸ್ ಆದ ಮೇಲೆ ಟೆಸ್ಟೋಸ್ಟಿರಾನ್ ಕೆಲವು ದಿನ ಏರಿ ಆಮೇಲೆ ಇಳಿಯುತ್ತದೆ. ಆ ಏರಿಕೆಯನ್ನು ತಡೆಯುವ ಮಾತ್ರೆ ಮುಂಚಿತವಾಗಿ ಕೊಡದಿದ್ದರೆ ಬೆನ್ನುಮೂಳೆಗೆ ಹರಡಿದವರಲ್ಲಿ ನರ ಒತ್ತಿಕೊಳ್ಳಬಹುದು. ಆ ಹಾರ್ಮೋನಿನ ತಯಾರಿಕೆಯನ್ನೇ ತಡೆಯುವ ಅಬಿರಟೆರೋನ್ ಮಾತ್ರೆ 2019ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಅದರೊಂದಿಗೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಇರಲೇಬೇಕು, ಅದನ್ನು ಹಠಾತ್ತನೆ ನಿಲ್ಲಿಸುವಂತಿಲ್ಲ. ಆದ್ದರಿಂದ ಎರಡನ್ನೂ ಒಟ್ಟಿಗೇ ದಾಸ್ತಾನು ಮಾಡಿಸಿ. ಅಬಿರಟೆರೋನನ್ನು ಖಾಲಿ ಹೊಟ್ಟೆಯಲ್ಲೇ ನುಂಗಬೇಕೆಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆಸಿ, ಊಟದ ಜೊತೆ ನುಂಗಿದರೆ ಔಷಧ ರಕ್ತಕ್ಕೆ ಹಲವು ಪಟ್ಟು ಹೆಚ್ಚಾಗಿ ಸೇರುತ್ತದೆ.

ಈ ಚಿಕಿತ್ಸೆಯಲ್ಲಿರುವವನಿಗೆ ಮೈ ಬಿಸಿಯೇರುತ್ತದೆ, ಮೂಳೆ ಸವೆಯುತ್ತದೆ, ಸ್ನಾಯು ಕರಗುತ್ತದೆ, ಮನಸ್ಸು ಕುಗ್ಗುತ್ತದೆ, ಕಾಮಾಸಕ್ತಿ ಹೋಗುತ್ತದೆ. ಇದು ಔಷಧದ ಪರಿಣಾಮ ಎಂದು ಹೆಂಡತಿಗೆ ಯಾರೂ ಹೇಳಿರುವುದಿಲ್ಲ. ಗಂಡ ತನ್ನಿಂದ ದೂರವಾದನೆಂದೇ ಆಕೆ ನೊಂದುಕೊಳ್ಳುತ್ತಾಳೆ. ಬೆಂಬಲ ಗುಂಪುಗಳಿಗೆ ಆಸ್ಪತ್ರೆಯಲ್ಲೇ ತಿಂಗಳಿಗೊಂದು ಸಂಜೆ ಕೋಣೆ ಕೊಡಿಸಿ, ಸಂಗಾತಿಗಳು ಪ್ರತ್ಯೇಕವಾಗಿ ಕೂತು ಮಾತಾಡಲು ಇನ್ನೊಂದು ಕೋಣೆ ಕೊಡಿಸಿ. ಒಂಟಿಯಾಗಿ ಬದುಕುವವರಿಗೆ ಆ ನರ್ಸಿನಿಂದ ವಾರಕ್ಕೊಂದು ಕರೆ ಹೋಗಲಿ.

ರೋಗ ಮೂಳೆಗೆ ಹರಡಿದ ಪ್ರತಿಯೊಬ್ಬರ ಜೇಬಿನಲ್ಲೂ ಒಂದು ಕಾರ್ಡ್ ಇರಬೇಕು: ಹೊಸದಾಗಿ ಬೆನ್ನುನೋವು ಹೆಚ್ಚಿದರೆ, ಕಾಲು ಸೋತರೆ, ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅದೇ ದಿನ ಆಸ್ಪತ್ರೆಗೆ. ಇದು ಬೆನ್ನುಹುರಿ ಒತ್ತಿಕೊಂಡ ಲಕ್ಷಣ. 24 ಗಂಟೆಯೊಳಗೆ ಎಂಆರ್‌ಐ ಮತ್ತು ಚಿಕಿತ್ಸೆ ಸಿಕ್ಕರೆ ನಡೆಯುವ ಶಕ್ತಿ ಉಳಿಯುವ ಸಾಧ್ಯತೆ ಹೆಚ್ಚು. ಪೂರ್ತಿ ನಿಂತುಹೋದ ಕಾಲು ಮತ್ತೆ ನಡೆಯುವುದು ಅಪರೂಪ. ತುರ್ತು ವಿಭಾಗದವರು ಈ ಕಾರ್ಡ್ ನೋಡಿದ ಕೂಡಲೇ ನೋವಿನ ಮಾತ್ರೆ ಕೊಟ್ಟು ಕಳಿಸದೆ ಕ್ಯಾನ್ಸರ್ ತಜ್ಞರಿಗೆ ಕರೆ ಮಾಡಬೇಕೆಂದು ತಾವು ಸುತ್ತೋಲೆ ಹೊರಡಿಸಬೇಕು.

ಕಾರ್ಡಿನ ಹಾಗೂ ಶಿಬಿರದ ಪ್ರಶ್ನೆಹಾಳೆಯ ಕರಡು ನಮ್ಮಲ್ಲಿ ಸಿದ್ಧವಿದೆ. ತಾವು ಭೇಟಿಗೆ ಸಮಯ ಕೊಟ್ಟ ದಿನ ತಂದು ಒಪ್ಪಿಸುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳು, ಅವರ ಕುಟುಂಬದವರು ಮತ್ತು ಆರೈಕೆ ಮಾಡುವವರು