ಡಾಕ್ಟರ್ ಮಾವನವರ ನೆನಪಿಗೆ ರಕ್ತದಾನ: ಬರುವ ಭಾನುವಾರ, ಬೇಲೂರು

ಎಲ್ಲರಿಗೂ ನಮಸ್ಕಾರ 🙏

ನ್ಯೂಜೆರ್ಸಿಯಲ್ಲಿ ತೀರಿಕೊಂಡ ನಮ್ಮ ಡಾಕ್ಟರ್ ಮಾವನವರ ನೆನಪಿಗೆ ಭಾನುವಾರ ಬೇಲೂರಿನ ಹಳೇ ಮನೆಯಲ್ಲಿ ಸೇರುತ್ತಿದ್ದೇವೆ. ಬೆಳಿಗ್ಗೆ 10ರಿಂದ 1ರವರೆಗೆ ರಕ್ತದಾನ, ಆಮೇಲೆ ಊಟ. ಸಂಜೆ 7ಕ್ಕೆ ಅತ್ತೆ, ಮಕ್ಕಳು, ಮೊಮ್ಮಕ್ಕಳು ವಿಡಿಯೋ ಕಾಲ್‌ಗೆ ಬರುತ್ತಾರೆ, ಅಲ್ಲಿ ಆಗ ಬೆಳಿಗ್ಗೆ 9.30. ಮಳೆಗೆ ಕರೆಂಟ್ ಕೈಕೊಟ್ಟರೂ ಯುಪಿಎಸ್ ಇದೆ.

ಹಾರ, ಫ್ಲೆಕ್ಸ್ ಬೇಡ ಎಂದು ಮನೆಯವರು ಹೇಳಿದ್ದಾರೆ. ಫ್ಲೆಕ್ಸ್ ಕಂಡರೆ ಮಾವನವರಿಗೂ ಆಗುತ್ತಿರಲಿಲ್ಲ ಬಿಡಿ.

ರಕ್ತ ಕೊಡುವವರಿಗೆ:
• ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕೆಜಿ, ಹಿಮೋಗ್ಲೋಬಿನ್ 12.5 ಇರಬೇಕು (ಅಲ್ಲೇ ಪರೀಕ್ಷೆ ಮಾಡುತ್ತಾರೆ).
• ಹಿಂದಿನ ಸಲ ಕೊಟ್ಟು ಗಂಡಸರಿಗೆ 3 ತಿಂಗಳು, ಹೆಂಗಸರಿಗೆ 4 ತಿಂಗಳು ಆಗಿರಬೇಕು.
• ತಿಂಡಿ ತಿಂದೇ ಬನ್ನಿ. ಮಾವ ತಾವು ಒಂದು ಏಕಾದಶಿಯನ್ನೂ ಬಿಟ್ಟವರಲ್ಲ, ಆದರೆ ಶುಗರ್ ಇದ್ದವರ ಉಪವಾಸ ಬೈದು ಬಿಡಿಸುತ್ತಿದ್ದರು!

ಚೆನ್ನಕೇಶವನ ತೇರಿಗೆ ಬಂದಾಗಲೆಲ್ಲ ಜಗಲಿ ಮೇಲೆ ಕೂತು, ಬಂದವರ ಕೆಳರೆಪ್ಪೆ ಎಳೆದು ನೋಡಿ "ರಕ್ತ ಕಮ್ಮಿ ಇದೆ ಕಣಮ್ಮ, ಸೊಪ್ಪು ತಿನ್ನು" ಅನ್ನುತ್ತಿದ್ದರಲ್ಲ. ಮಾತ್ರೆ ಚೀಟಿಯನ್ನೂ ಕನ್ನಡದಲ್ಲೇ, ಗುಂಡಗೆ ಬರೆಯುತ್ತಿದ್ದರು. ಅಂಥ ಚೀಟಿ, ಹಳೇ ಫೋಟೋ ನಿಮ್ಮಲ್ಲಿದ್ದರೆ ಗುರುವಾರದೊಳಗೆ ನನಗೆ ಕಳಿಸಿ. ಮೊಮ್ಮಕ್ಕಳು ನೋಡಬೇಕಂತೆ.

ಅಡುಗೆಯವರಿಗೆ ಲೆಕ್ಕ ಕೊಡಬೇಕು. ಊಟಕ್ಕೆ ಎಷ್ಟು ಜನ, ರಕ್ತ ಕೊಡುವವರು ಯಾರು ಎಂದು ಶುಕ್ರವಾರ ಸಂಜೆಯೊಳಗೆ ಇಲ್ಲೇ ಬರೆಯಿರಿ. ಬರೀ 🙏 ಹಾಕಿದರೆ ಬರುತ್ತೀರೋ ಇಲ್ಲವೋ ನನಗೆ ಗೊತ್ತಾಗುವುದಿಲ್ಲ.