ಬಿಸಿಲೂರಿನ ಫಿಲ್ಮ್ ಕ್ಯಾಮೆರಾಕ್ಕೆ ಬಿಸಿಲೂರಿನ ಜೋಪಾನವೇ ಬೇಕು

ಮಾನ್ಯ ಸಂಪಾದಕರೇ,

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಹುಡುಗ ಹುಡುಗಿಯರ ಕೈಯಲ್ಲಿ ರೀಲು ಹಾಕುವ ಕ್ಯಾಮೆರಾಗಳು ಮತ್ತೆ ಕಾಣತೊಡಗಿವೆ. ಅಜ್ಜನ ಟ್ರಂಕಿನಿಂದ ಹೊರಬಂದ ಆಗ್ಫಾ ಕ್ಲಿಕ್, ಉಡುಗೊರೆಯಾಗಿ ಬಂದ, ತಕ್ಷಣ ಫೋಟೊ ಕೊಡುವ ಇನ್‌ಸ್ಟ್ಯಾಕ್ಸ್, ದುಡ್ಡು ಕೂಡಿಟ್ಟು ಕೊಂಡ ರೇಂಜ್‌ಫೈಂಡರ್ (ಕಿಟಕಿಯಲ್ಲಿ ಕಾಣುವ ಎರಡು ಬಿಂಬಗಳನ್ನು ಒಂದು ಮಾಡಿ ಫೋಕಸ್ ಮಾಡುವ ಕ್ಯಾಮೆರಾ) ಎಲ್ಲವೂ ಇವೆ. ಇದು ನಮಗೆ ತುಂಬ ಸಂತೋಷದ ಸಂಗತಿ. ಆದರೆ ಇವುಗಳ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ತಂಪು ಸೀಮೆಯವರು ಬರೆದವು. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಮ್ಮಲ್ಲಿ ಅವನ್ನು ಹಾಗೆಯೇ ಪಾಲಿಸಿದರೆ ರೀಲು ಕೆಡುತ್ತದೆ, ಮನಸ್ಸು ಮುರಿಯುತ್ತದೆ, ಕ್ಯಾಮೆರಾ ಮತ್ತೆ ಟ್ರಂಕು ಸೇರುತ್ತದೆ. ಹಾಗಾಗಬಾರದೆಂದು ಈ ಪತ್ರ.

ಮೊದಲು ತಕ್ಷಣ ಫೋಟೊ ಕೊಡುವ ಕ್ಯಾಮೆರಾಗಳ ಮಾತು. 1972ರಲ್ಲಿ ಬಂದ ಪೋಲರಾಯ್ಡ್ ಎಸ್‌ಎಕ್ಸ್-70 ಮಡಚಿ ಇಡಬಹುದಾದ ಅದ್ಭುತ ಯಂತ್ರ. ಅದಕ್ಕೆ ಎಸ್‌ಎಕ್ಸ್-70 ಫಿಲ್ಮೇ ಬೇಕು. ಪೋಲರಾಯ್ಡ್‌ನದೇ 600 ಫಿಲ್ಮ್ ಎರಡು ಸ್ಟಾಪ್, ಅಂದರೆ ಬೆಳಕಿಗೆ ನಾಲ್ಕು ಪಟ್ಟು, ಹೆಚ್ಚು ವೇಗದ್ದು. ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಇಲ್ಲದೆ ಹಾಕಿದರೆ ಚಿತ್ರ ಬೆಳ್ಳಗಾಗುತ್ತದೆ. ಹೊಸಬರು ಎಡವುವ ಇನ್ನೊಂದು ಜಾಗ ಹೊಸ ಪೋಲರಾಯ್ಡ್ ಕ್ಯಾಮೆರಾಗಳ ಐ-ಟೈಪ್ ಫಿಲ್ಮ್ ಪ್ಯಾಕ್. ಹಳೆಯ ಪೋಲರಾಯ್ಡ್‌ಗಳಿಗೆ ಬ್ಯಾಟರಿ ಇರುವುದು ಕ್ಯಾಮೆರಾದಲ್ಲಲ್ಲ, ಫಿಲ್ಮ್ ಪ್ಯಾಕಿನೊಳಗೆ. ಐ-ಟೈಪ್ ಪ್ಯಾಕಿನಲ್ಲಿ ಬ್ಯಾಟರಿಯೇ ಇರುವುದಿಲ್ಲ. ಅದನ್ನು ಹಳೆಯ ಕ್ಯಾಮೆರಾಕ್ಕೆ ಹಾಕಿ, ಕ್ಯಾಮೆರಾ ಸತ್ತಿದೆ ಎಂದು ಗುಜರಿಗೆ ಕೊಟ್ಟುಬಿಡಬೇಡಿ.

ಪೋಲರಾಯ್ಡ್ ಫಿಲ್ಮ್ 13ರಿಂದ 28 ಡಿಗ್ರಿಯೊಳಗೆ ಸರಿಯಾಗಿ ಬರುತ್ತದೆ. ಅದಕ್ಕಿಂತ ಬಿಸಿಯಾದರೆ ಚಿತ್ರದ ಮೇಲೆ ಹಳದಿ, ಕೆಂಪು ಛಾಯೆ ಕೂರುತ್ತದೆ. ಅಂದರೆ ನಮ್ಮ ಬೇಸಿಗೆಯಲ್ಲಿ ಬಯಲಿನಲ್ಲಿ ತೆಗೆದ ಪೋಲರಾಯ್ಡ್‌ಗೆ ತನ್ನ ಬಣ್ಣ ದಕ್ಕುವುದಿಲ್ಲ. ಬೆಳಿಗ್ಗೆ ಬೇಗ ತೆಗೆಯಿರಿ. ಪ್ಯಾಕನ್ನು ತಣ್ಣನೆಯ ಡಬ್ಬಿಯಲ್ಲಿ ಒಯ್ಯಿರಿ. ಹೊರಬಂದ ಹಾಳೆಯನ್ನು ಕೂಡಲೇ ಬೆಳಕಿನಿಂದ ಮುಚ್ಚಿ, ಅದೇ ಡಬ್ಬಿಯಲ್ಲಿ 15 ನಿಮಿಷ ಬೋರಲಾಗಿ ಇಡಿ. ಮಂಜುಗಡ್ಡೆ ಮಾತ್ರ ಹಾಳೆಗೆ ತಾಗಬಾರದು. ಪ್ರತಿ ಪ್ಯಾಕ್ ಮುಗಿದ ಮೇಲೆ ಒಳಗಿನ ಎರಡು ರೋಲರ್‌ಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ. ಒಣಗಿದ ರಾಸಾಯನಿಕ ಅಲ್ಲಿ ಅಂಟಿಕೊಂಡಿದ್ದರೆ ಚಿತ್ರದ ಮೇಲೆ ಸಮ ಅಂತರದಲ್ಲಿ ಚುಕ್ಕೆಗಳು ಬೀಳುತ್ತವೆ.

ಇನ್‌ಸ್ಟ್ಯಾಕ್ಸ್ 40 ಡಿಗ್ರಿಯವರೆಗೂ ತಾಳುತ್ತದೆ. ನಮ್ಮ ಸೀಮೆಗೆ ಅದೇ ವಾಸಿ. ಆದರೆ ಅದರ ಅಗ್ಗದ ಮಾದರಿಗಳಲ್ಲಿ ಫ್ಲ್ಯಾಶ್ ಪ್ರತಿ ಸಲವೂ ಹೊಡೆಯುತ್ತದೆ. ಅಷ್ಟೂರಿನಲ್ಲಿ ಅಹ್ಮದ್ ಶಾ ವಲಿಯ ಗೋರಿಯ ಒಳಗಿನ ಬಣ್ಣದ ಚಿತ್ತಾರದ ಮುಂದೆ ದಯವಿಟ್ಟು ಅದನ್ನು ಹೊರತೆಗೆಯಬೇಡಿ. ಫ್ಲ್ಯಾಶಿನ ಬೆಳಕು ಆ ಗುಮ್ಮಟದವರೆಗೆ ಮುಟ್ಟುವುದೂ ಇಲ್ಲ.

ಬರೋಡಾದಲ್ಲಿ ತಯಾರಾದ ಆಗ್ಫಾ ಕ್ಲಿಕ್ 3 ಇದ್ದವರಿಗೆ ಎರಡೇ ಮಾತು. 120 ರೀಲಿನಲ್ಲಿ 12 ಚೌಕ ಚಿತ್ರ ಬರುತ್ತವೆ. ಷಟರ್ (ಬೆಳಕು ಬಿಟ್ಟು ಮುಚ್ಚುವ ಪರದೆ) ನಿಧಾನ, ಆದ್ದರಿಂದ ನಮ್ಮ ಬಿಸಿಲಿಗೆ ಐಎಸ್‌ಒ 400 ವೇಗದ ಫಿಲ್ಮ್ ಬೇಡ, 100 ಅಥವಾ ಅದಕ್ಕೂ ಕಡಿಮೆಯದು ಸಾಕು. ಹಿಂಬದಿಯ ಕೆಂಪು ಕಿಟಕಿಗೆ ಕಪ್ಪು ಟೇಪ್ ಅಂಟಿಸಿ, ರೀಲು ತಿರುಗಿಸುವಾಗ ಮಾತ್ರ ನೆರಳಿನಲ್ಲಿ ಎತ್ತಿ ಅಂಕಿ ನೋಡಿ. ಈಗಿನ ಫಿಲ್ಮ್‌ಗಳು ಕೆಂಪು ಬೆಳಕನ್ನೂ ಹಿಡಿಯುತ್ತವೆ.

ಇನ್ನು ರೇಂಜ್‌ಫೈಂಡರ್. ಲೈಕಾ ಎಂ6 1984ರಲ್ಲಿ ಬಂದು, ನಿಂತು, 2022ರಲ್ಲಿ ಮತ್ತೆ ಹೊಸದಾಗಿ ತಯಾರಾಗತೊಡಗಿತು. ಇನ್‌ಸ್ಟ್ಯಾಕ್ಸ್ ವೈಡ್ ಹಾಳೆಗೆಂದೇ ಮಿಂಟ್ ಕಂಪನಿ ಮಾಡಿದ ಆರ್‌ಎಫ್70 ಕೂಡ ಇದೇ ಬಳಗದ್ದು. 2024ರ ಪೆಂಟಾಕ್ಸ್ 17 ಮಾತ್ರ ರೇಂಜ್‌ಫೈಂಡರ್ ಅಲ್ಲ. ಅದರಲ್ಲಿ ದೂರವನ್ನು ಕಣ್ಣಂದಾಜಿನಲ್ಲಿ ಚಿಹ್ನೆ ತಿರುಗಿಸಿ ಇಡಬೇಕು. ಕೊಳ್ಳುವ ಮುನ್ನ ಇದು ತಿಳಿದಿರಲಿ.

ರೇಂಜ್‌ಫೈಂಡರಿಗೆ ಬಿಸಿಲೇ ನೇರ ಶತ್ರು. ಲೆನ್ಸಿನ ಮೂಲಕವೇ ನೋಡುವ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಷಟರಿನ ಮುಂದೆ ಕನ್ನಡಿ ಇರುತ್ತದೆ, ಇದರಲ್ಲಿ ಇಲ್ಲ. ಲೈಕಾ ಮತ್ತು ಸೋವಿಯತ್ ಕಾಲದ ಝೋರ್ಕಿ ಕ್ಯಾಮೆರಾಗಳ ಷಟರ್ ಬಟ್ಟೆಯದು. ಲೆನ್ಸನ್ನು ಪೂರ್ತಿ ತೆರೆದು ಕ್ಯಾಮೆರಾವನ್ನು ಸೂರ್ಯನತ್ತ ಮುಖ ಮಾಡಿ ಮೇಜಿನ ಮೇಲೆ ಇಟ್ಟರೆ, ಭೂತಗನ್ನಡಿಯಲ್ಲಿ ಕಾಗದ ಸುಟ್ಟಂತೆ ಆ ಬಟ್ಟೆ ತೂತಾಗುತ್ತದೆ. ಆಮೇಲೆ ಒಂದಲ್ಲ ಒಂದು ಚಿತ್ರದಲ್ಲಿ ಬಿಳಿ ಚುಕ್ಕೆ ಕಾಣಿಸಿಕೊಳ್ಳುತ್ತದೆ. ಕೊರಳಿಗೆ ಹಾಕಿ ನಡೆಯುವಾಗ ಲೆನ್ಸ್ ಕ್ಯಾಪ್ ಇರಲಿ. ಕ್ಯಾಪ್ ಇಲ್ಲದಿದ್ದರೆ ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 16ಕ್ಕೆ ಕಿರಿದು ಮಾಡಿ. ತೆಗೆಯುವಾಗ ಕ್ಯಾಪ್ ಬಿಚ್ಚಿದ್ದೀರಾ ಎಂದು ನೋಡಿಕೊಳ್ಳಿ, ಏಕೆಂದರೆ ವ್ಯೂಫೈಂಡರ್ ಅದನ್ನು ಹೇಳುವುದಿಲ್ಲ. ಹಳೆಯದನ್ನು ಕೊಳ್ಳುವಾಗ ಕತ್ತಲೆ ಕೋಣೆಯಲ್ಲಿ ಲೆನ್ಸ್ ಬಿಚ್ಚಿ, ಹಿಂಬಾಗಿಲು ತೆರೆದು, ಮುಂದಿನಿಂದ ಟಾರ್ಚ್ ಹಿಡಿದು ಬಟ್ಟೆಯನ್ನು ಪರೀಕ್ಷಿಸಿ. ರೀಲು ಗುಂಡಿ ತಿರುಗಿಸಿ ಷಟರ್ ಏರಿಸಿದಾಗ ಒಮ್ಮೆ, ಕ್ಲಿಕ್ ಮಾಡಿ ಇಳಿಸಿದಾಗ ಒಮ್ಮೆ ನೋಡಬೇಕು, ಪರದೆಗಳು ಎರಡು ಇರುತ್ತವೆ. ಝೋರ್ಕಿ 4ರಲ್ಲಿ ರೀಲು ತಿರುಗಿಸಿದ ಮೇಲೆಯೇ ವೇಗದ ಗುಂಡಿ ಮುಟ್ಟಿ. ಮೊದಲೇ ತಿರುಗಿಸಿದರೆ ಒಳಗಿನ ಯಂತ್ರ ಕೆಡುತ್ತದೆ.

ಫೋಕಸ್ ಸರಿಯಿದೆಯೇ ಎಂದು ತಿಳಿಯಲು ಲೆನ್ಸನ್ನು ಅನಂತಕ್ಕೆ (∞ ಗುರುತಿಗೆ) ಇಟ್ಟು, ಅರ್ಧ ಕಿಲೋಮೀಟರಿಗಿಂತ ದೂರದ ಮಿನಾರು ಅಥವಾ ಟವರ್ ನೋಡಿ. ಎರಡು ಬಿಂಬಗಳು ಒಂದಾಗಬೇಕು. ಅಡ್ಡಕ್ಕೆ ಸರಿದಿದ್ದರೆ ಫೋಕಸ್ ತಪ್ಪುತ್ತದೆ, ಮೇಲೆ ಕೆಳಗೆ ಸರಿದಿದ್ದರೆ ಕಣ್ಣಿಗೆ ಕಿರಿಕಿರಿ ಅಷ್ಟೆ. ಬಳಿಕ 1 ಮೀಟರ್ ದೂರಕ್ಕೆ ಅಳತೆ ಟೇಪ್ ಹಿಡಿದು ಇನ್ನೊಮ್ಮೆ ನೋಡಿ.

ಹಳೆ ಸಾಮಾನಿನಲ್ಲಿ ಯಾಶಿಕಾ ಎಲೆಕ್ಟ್ರೋ 35 ಆಗಾಗ ಸಿಗುತ್ತದೆ. 1966ರಲ್ಲಿ ಶುರುವಾದ ಈ ಮಾದರಿಯ 45 ಎಂಎಂ ಎಫ್ 1.7 ಲೆನ್ಸ್ ಇಂದಿಗೂ ಬಹಳ ಚೆನ್ನ. ರೀಲು ತಿರುಗಿಸುವಾಗ ಒಳಗಿನಿಂದ 'ಟಕ್' ಎಂಬ ಸದ್ದು ಬರಬೇಕು. ಬಾರದಿದ್ದರೆ ಒಳಗಿನ ರಬ್ಬರ್ ತುಂಡು ಕರಗಿದೆ, ಎಕ್ಸ್‌ಪೋಷರ್ ತಪ್ಪುತ್ತದೆ ಎಂದರ್ಥ. ಅದರ 5.6 ವೋಲ್ಟಿನ ಪಾದರಸ ಬ್ಯಾಟರಿ ಈಗ ಸಿಗುವುದಿಲ್ಲ. ಅಡಾಪ್ಟರ್ ಹಾಕಿ 6 ವೋಲ್ಟಿನದು ಬಳಸಬಹುದು. ಬ್ಯಾಟರಿ ಇಲ್ಲದಿದ್ದರೆ ಷಟರ್ 1/500 ಸೆಕೆಂಡಿನಲ್ಲಿ ಮಾತ್ರ ಬೀಳುತ್ತದೆ.

ಬೀದರಿನ ಕೆಂಪು ಜಂಬಿಟ್ಟಿಗೆ ಕಲ್ಲಿಗೆ ಕಪ್ಪು ಬಿಳುಪು ಫಿಲ್ಮ್ ಹಾಕುವವರು ಕಿತ್ತಳೆ ಫಿಲ್ಟರ್ ಕೊಳ್ಳಿ. ಕಲ್ಲು ಬೆಳಗುತ್ತದೆ, ಆಕಾಶ ಕಪ್ಪಾಗುತ್ತದೆ. ಆದರೆ ಎಲೆಕ್ಟ್ರೋದಲ್ಲಿ ಬೆಳಕು ಅಳೆಯುವ ಮೀಟರಿನ ಕಣ್ಣು ಲೆನ್ಸಿನ ಹಿಂದಿಲ್ಲ, ಫಿಲ್ಟರ್ ಇರುವುದು ಅದಕ್ಕೆ ತಿಳಿಯುವುದಿಲ್ಲ. ಕಿತ್ತಳೆ ಎರಡು ಸ್ಟಾಪ್ ತಿನ್ನುತ್ತದೆ, ಆದ್ದರಿಂದ 400ರ ಫಿಲ್ಮಿಗೆ ಮೀಟರನ್ನು 100ಕ್ಕೆ ಇಡಿ. ಲೈಕಾ ಎಂ6 ಲೆನ್ಸಿನ ಮೂಲಕವೇ ಅಳೆಯುತ್ತದೆ, ಅದರಲ್ಲಿ ಬದಲಿಸುವುದು ಬೇಡ. ಕಲಬುರಗಿ ಕೋಟೆಯ 1367ರ ಜಾಮಿ ಮಸೀದಿಗೆ ತೆರೆದ ಅಂಗಳವಿಲ್ಲ, ಪೂರ್ತಿ ಚಾವಣಿ ಇದೆ. ಒಳಗೆ ಕಮಾನುಗಳನ್ನು ತೆಗೆಯುವಾಗ ಹೊರಗಿನ ಬೆಳಕು ಮೀಟರಿಗೆ ಬಿದ್ದರೆ ಒಳಗೆಲ್ಲ ಕಪ್ಪಾಗುತ್ತದೆ. ನೆರಳಿನ ಗೋಡೆಯನ್ನು ಅಳೆಯಿರಿ. ಕನ್ನಡಿಯ ಹೊಡೆತ ಇಲ್ಲದ ಕಾರಣ ರೇಂಜ್‌ಫೈಂಡರನ್ನು ಉಸಿರು ಹಿಡಿದು 1/15 ಸೆಕೆಂಡಿನಲ್ಲೂ ಕೈಯಲ್ಲೇ ಹಿಡಿಯಬಹುದು.

ಕ್ಯಾಮೆರಾ ಇಡುವ ಜಾಗವೂ ಮುಖ್ಯ. ಕಾರಿನೊಳಗೆ, ಬೈಕಿನ ಡಿಕ್ಕಿಯಲ್ಲಿ ಬಿಟ್ಟರೆ ಲೆನ್ಸಿನ ಗ್ರೀಸ್ ತೆಳುವಾಗಿ ಅಪರ್ಚರ್ ಎಲೆಗಳಿಗೆ ಹರಿಯುತ್ತದೆ, ಎಲೆಗಳು ಅಂಟಿಕೊಳ್ಳುತ್ತವೆ. ಒಣ ಊರಿನಲ್ಲಿ ಬೂಸ್ಟು ಎಲ್ಲಿಯದು ಎನ್ನುವವರು ಕೂಲರನ್ನು ಮರೆಯುತ್ತಾರೆ. ಬೇಸಿಗೆಯಿಡೀ ನೀರಿನ ಕೂಲರ್ ಓಡುವ ಕೋಣೆಯ ಕಪಾಟಿನಲ್ಲಿ, ಅದೂ ಚರ್ಮದ ಕೇಸಿನೊಳಗೆ ಇಟ್ಟ ಲೆನ್ಸಿಗೆ ಬೂಸ್ಟು ಹಿಡಿಯುವ ಸಾಧ್ಯತೆ ಹೆಚ್ಚು. ಕೂಲರ್ ಇಲ್ಲದ ಕೋಣೆಯಲ್ಲಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಹಾಕಿ ಇಡಿ. ಹೊಸ ರೀಲು ಫ್ರಿಜ್‌ನಲ್ಲಿರಲಿ. ಹೊರತೆಗೆದ ಎರಡು ತಾಸಿನ ಮೇಲೆ ಡಬ್ಬಿ ಬಿಚ್ಚಿ, ಇಲ್ಲವಾದರೆ ಫಿಲ್ಮಿನ ಮೇಲೆ ನೀರು ಕೂರುತ್ತದೆ.

ಕಪ್ಪು ಬಿಳುಪು ರೀಲನ್ನು ಮನೆಯಲ್ಲೇ ತೊಳೆಯಬಹುದು (ಡೆವಲಪ್ ಮಾಡಬಹುದು), ಕಲಿಯಲೇಬೇಕಾದ ಕೆಲಸ ಅದು. ಪುಸ್ತಕಗಳು ಹೇಳುವ 20 ಡಿಗ್ರಿ ಇಲ್ಲಿ ಏಪ್ರಿಲ್‌ನಲ್ಲಿ ಸಿಗುವುದಿಲ್ಲ. 24 ಡಿಗ್ರಿಗೆ ಗುರಿ ಇಡಿ. ಇಲ್ಫರ್ಡ್ ಎಚ್‌ಪಿ5 ಫಿಲ್ಮಿಗೆ ಚಿತ್ರ ಮೂಡಿಸುವ ಡಿ-76 ಡೆವಲಪರನ್ನು ಸಮ ನೀರು ಬೆರೆಸಿ ಬಳಸಿದರೆ 20 ಡಿಗ್ರಿಗೆ 11 ನಿಮಿಷ, 24 ಡಿಗ್ರಿಗೆ ಸುಮಾರು 8 ನಿಮಿಷ. ನೀರು ಬೆರೆಸದೆ ಬಳಸಬೇಡಿ. ಬಿಸಿಗೆ ಸಮಯ 5 ನಿಮಿಷದ ಹತ್ತಿರ ಇಳಿದರೆ ಪಟ್ಟೆ ಪಟ್ಟೆಯಾಗಿ ಬರುತ್ತದೆ. 35 ಎಂಎಂನ ಒಂದು ರೀಲಿಗೆ ಬೆರೆಸಿದ ಡೆವಲಪರ್ 300 ಎಂಎಲ್ ಸಾಕು. ಮೊದಲ 10 ಸೆಕೆಂಡಿಗೆ ನಾಲ್ಕು ಸಲ ಟ್ಯಾಂಕ್ (ರೀಲು ತೊಳೆಯುವ, ಬೆಳಕು ಹೋಗದ ಡಬ್ಬಿ) ಬೋರಲು ಮಾಡಿ, ಆಮೇಲೆ ಪ್ರತಿ ನಿಮಿಷದ ಆರಂಭದಲ್ಲಿ ಹಾಗೆಯೇ.

ನೀರು ತಣ್ಣಗಾಗಲು ಮಣ್ಣಿನ ರಂಜಣಿಗೆಯೇ ಸಾಕು. ನಮ್ಮ ಒಣ ಗಾಳಿಯಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಉಳಿದದ್ದನ್ನು ಪ್ಲಾಸ್ಟಿಕ್ ಚೀಲದೊಳಗಿನ ಮಂಜುಗಡ್ಡೆ ಮುಳುಗಿಸಿ ಸರಿ ಮಾಡಿ. ಡೆವಲಪರ್, ಹೈಪೋ (ಚಿತ್ರವನ್ನು ಉಳಿಸುವ ದ್ರಾವಣ), ತೊಳೆಯುವ ನೀರು ಇವುಗಳ ನಡುವೆ 2 ಡಿಗ್ರಿಗಿಂತ ಹೆಚ್ಚು ಅಂತರ ಬೇಡ. ಡೆವಲಪರ್ 24ರಲ್ಲಿದ್ದು, ನಲ್ಲಿಯ 36ರ ನೀರಿಗೆ ಹಿಡಿದರೆ ಫಿಲ್ಮಿನ ಮೆತ್ತಗಾದ ಪದರ ಸುಕ್ಕುಗಟ್ಟುತ್ತದೆ. ಹೈಪೋದಲ್ಲಿ ಎಷ್ಟು ಹೊತ್ತು ಎಂದು ತಿಳಿಯಲು ಫಿಲ್ಮಿನ ತುದಿಯ ತುಂಡೊಂದನ್ನು ಅದ್ದಿ. ಅದು ಪಾರದರ್ಶಕವಾಗಲು ಹಿಡಿದ ಸಮಯದ ಎರಡರಷ್ಟು ಸಾಕು.

ಕಲಬುರಗಿ, ಶಹಾಬಾದ್, ಸೇಡಂ ಕಡೆಯ ನೆಲ ಸುಣ್ಣಕಲ್ಲಿನದು, ಬೋರಿನ ನೀರು ಗಡಸು. ಅದರಲ್ಲಿ ಕೊನೆಯ ತೊಳೆತ ಮಾಡಿದರೆ ನೆಗೆಟಿವ್ ಮೇಲೆ ಬಿಳಿ ಕಲೆ ಒಣಗುತ್ತದೆ. ಡೆವಲಪರ್ ಕಲಸಲು ಮತ್ತು ಕೊನೆಯ ಅದ್ದಿಗೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಬಳಸಿ. ಬಚ್ಚಲುಮನೆಯ ನೆಲ, ಗೋಡೆಗೆ ನೀರು ಹೊಡೆದು ಧೂಳು ಕೂತ ಮೇಲೆ ಅಲ್ಲೇ ಫಿಲ್ಮ್ ತೂಗುಹಾಕಿ ಬಾಗಿಲು ಮುಚ್ಚಿ.

ಹಳೆಯ ಸ್ಟುಡಿಯೋಗಳವರಲ್ಲಿ ನಮ್ಮದೊಂದು ಕಳಕಳಿಯ ಕೋರಿಕೆ. ಅಟ್ಟದ ಮೇಲಿನ ಎನ್‌ಲಾರ್ಜರ್ (ನೆಗೆಟಿವ್‌ನಿಂದ ದೊಡ್ಡ ಚಿತ್ರ ಮಾಡುವ ಯಂತ್ರ), ಟ್ಯಾಂಕ್, ಟ್ರೇಗಳನ್ನು ತೂಕಕ್ಕೆ ಮಾರಬೇಡಿ. ಅವನ್ನು ಹುಡುಕುತ್ತಿರುವ ಹುಡುಗರು ಈಗ ಊರಲ್ಲೇ ಇದ್ದಾರೆ. ನೆಗೆಟಿವ್ ಪೆಟ್ಟಿಗೆಗಳನ್ನೂ ಒಮ್ಮೆ ತೆರೆದು ಮೂಸಿ ನೋಡಿ. ವಿನೆಗರ್ ವಾಸನೆ ಬಂದರೆ ಫಿಲ್ಮಿನ ಅಸಿಟೇಟ್ ಪ್ಲಾಸ್ಟಿಕ್ ಬಿಸಿಗೆ ಕೊಳೆಯುತ್ತಿದೆ. ಆ ಹಬೆ ಪಕ್ಕದ ನೆಗೆಟಿವ್‌ಗಳನ್ನೂ ಕೆಡಿಸುತ್ತದೆ. ಅಂಥವನ್ನು ಬೇರೆ ಮಾಡಿ, ಫಿಲ್ಮ್ ಸುರುಳಿ ಸುತ್ತಿಕೊಳ್ಳುವ ಮೊದಲೇ ಸ್ಕ್ಯಾನ್ ಮಾಡಿಸಿ. ಉಳಿದವನ್ನು ಕಾಗದದ ಲಕೋಟೆಯಲ್ಲಿ ಹಾಕಿ, ತಗಡಿನ ಚಾವಣಿಯ ಅಟ್ಟದಿಂದ ಇಳಿಸಿ ನೆಲಮಹಡಿಯ ತಂಪಾದ ಕೋಣೆಗೆ ತನ್ನಿ. ಈ ಊರುಗಳ ಮದುವೆ, ಜಾತ್ರೆ, ಉರುಸು, ಶಾಲೆಯ ಗುಂಪು ಚಿತ್ರಗಳು ಅವುಗಳಲ್ಲೇ ಇವೆ, ಬೇರೆಲ್ಲೂ ಪ್ರತಿ ಇಲ್ಲ. ಈ ಬೇಸಿಗೆಗೆ ಮುಂಚೆಯೇ ಆ ಕೆಲಸ ಆಗಲಿ.

ಇಂತಿ,
ಫಿಲ್ಮ್ ಕ್ಯಾಮೆರಾ ಆಸಕ್ತರು, ಕಲಬುರಗಿ