ಪಾರ್ಟು ಬದಲಿಸುವ ಮುಂಚೆ ಕಾಯಿಲೆ ಹುಡುಕಿ

ಮಾನ್ಯ ಸಂಪಾದಕರೇ,

ನನ್ನದು 1998ರ ಮಾರುತಿ 800, ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಇರುವ ಗಾಡಿ. ಮೂರು ತಿಂಗಳಿಂದ ಅದಕ್ಕೊಂದು ರೋಗ. ನಮ್ಮ ದಾವಣಗೆರೆಯ ಗಾಂಧಿ ಸರ್ಕಲ್‌ನಲ್ಲಿ ನಿಲ್ಲಿಸಿದರೆ ಸಾಕು, ಚಳಿಜ್ವರ ಬಂದವರ ಹಾಗೆ ನಡುಗಿ ಬಂದ್ ಬೀಳುತ್ತಿತ್ತು. ಹಿಂದಿನವರ ಹಾರ್ನ್ ಬೇರೆ. ಅದೇ ಗಾಡಿ ಹೈವೇ ಹತ್ತಿ ಹರಿಹರದ ಕಡೆ ಹೊರಟರೆ ಒಂದು ಸಲವೂ ಕೆಮ್ಮುತ್ತಿರಲಿಲ್ಲ.

ಇದನ್ನೇ ಗ್ಯಾರೇಜಿನಲ್ಲಿ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೊದಲು ಇಂಜಿನ್ನಿಗೆ ಕಿಡಿ ಕೊಡುವ ಪ್ಲಗ್ ಬದಲಿಸಿದರು, ಆಮೇಲೆ ಪ್ಲಗ್ ವೈರ್, ಆಮೇಲೆ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್, ಅದೂ ಆಗದಿದ್ದಾಗ ಕಾರ್ಬುರೇಟರ್ ಬಿಚ್ಚಿ ತೊಳೆದು, ಐಡ್ಲಿಂಗ್ (ಗಾಡಿ ನಿಂತಲ್ಲೇ ಇಂಜಿನ್ ಓಡುವುದು) ಸ್ಕ್ರೂ ತಿರುಗಿಸಿ ರೇಸ್ ಜಾಸ್ತಿ ಮಾಡಿ ಕಳಿಸಿದರು. ಎರಡು ದಿನ ಚೆನ್ನಾಗಿತ್ತು. ಕೊನೆಗೆ ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಮೇಲೆ ಗೂಬೆ ಕೂರಿಸಿದರು. ಪೆಟ್ರೋಲಿನದೇ ತಪ್ಪಾಗಿದ್ದರೆ ಹೈವೇಯಲ್ಲೂ ತೊಂದರೆ ಕೊಡಬೇಕಿತ್ತು, ಅಲ್ವಾ? ಅಷ್ಟರಲ್ಲಿ ಏಳು ಸಾವಿರ ಹೋಗಿತ್ತು.

ಹಳೇ ಪಿ.ಬಿ. ರಸ್ತೆಯ ಪಕ್ಕ ಒಂದು ಸಣ್ಣ ಶೆಡ್ ಇದೆ. ಅಲ್ಲಿನ ವಯಸ್ಸಾದ ಮೇಸ್ತ್ರಿ ಏನೂ ಬಿಚ್ಚಲಿಲ್ಲ. ಇಂಜಿನ್ ಚಾಲೂ ಇಟ್ಟು, ಹಿಡಿಗೆ ರಬ್ಬರ್ ಇರುವ ಇಕ್ಕಳದಲ್ಲಿ ಒಂದೊಂದೇ ಪ್ಲಗ್ ವೈರ್ ಕಿತ್ತು ನೋಡಿದರು. (ನೀವು ಬರಿಗೈಲಿ ಮಾಡಬೇಡಿ, ಶಾಕ್ ಹೊಡೆಯುತ್ತದೆ.) ಯಾವ ವೈರ್ ಕಿತ್ತರೂ ಇಂಜಿನ್ ಒಂದೇ ತರ ಕುಗ್ಗಿತು. ಅಂದರೆ ಮೂರೂ ಸಿಲಿಂಡರ್ ಕೆಲಸ ಮಾಡುತ್ತಿವೆ, ಪ್ಲಗ್ಗಿನದು ತಪ್ಪಿಲ್ಲ. ಆಮೇಲೆ ಸುಮ್ನೆ ಕಿವಿಗೊಟ್ಟು ನಿಂತರು. 'ಸುಸ್' ಅನ್ನುವ ಸಣ್ಣ ಸದ್ದು. ಸಿಲಿಂಡರ್‌ಗಳಿಗೆ ಗಾಳಿ-ಪೆಟ್ರೋಲ್ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಸೇರುವ ರಬ್ಬರ್ ಪೈಪನ್ನು ಒತ್ತಿ ಹಿಡಿದ ಕೂಡಲೇ ಇಂಜಿನ್ ನಡುಕ ನಿಂತಿತು. ಬಿಸಿಗೆ ರಬ್ಬರ್ ಗಟ್ಟಿಯಾಗಿ, ಬಾಗಿದ ಜಾಗದಲ್ಲಿ, ಕಣ್ಣಿಗೆ ಕಾಣದ ಅಡಿಭಾಗದಲ್ಲಿ ಸೀಳಿತ್ತು.

ಐಡ್ಲಿಂಗ್‌ನಲ್ಲಿ ಇಂಜಿನ್ ಎಳೆಯುವ ಗಾಳಿಯೇ ಕಡಿಮೆ. ಅದಕ್ಕೆ ಸೀಳಿನಿಂದ ಬರುವ ಕಳ್ಳಗಾಳಿ ಸೇರಿದರೆ ಪೆಟ್ರೋಲ್ ಸಾಲದೆ ಬಂದ್ ಬೀಳುತ್ತದೆ. ವೇಗದಲ್ಲಿದ್ದಾಗ ಒಳಗೆ ಹೋಗುವ ಗಾಳಿ ತುಂಬಾ ಜಾಸ್ತಿ, ಈ ಸೀಳು ಲೆಕ್ಕಕ್ಕೇ ಬರುವುದಿಲ್ಲ. ನಾನು ಮೊದಲ ದಿನವೇ ಹೇಳಿದ್ದರಲ್ಲೇ ಉತ್ತರ ಇತ್ತು! ಹೊಸ ಪೈಪಿಗೆ ಆಗಿದ್ದು 60 ರೂಪಾಯಿ.

ಹಳೆ ಗಾಡಿ ಇರುವವರು ಯಾವಾಗ ಬಂದ್ ಬೀಳುತ್ತದೆ ಅನ್ನುವುದನ್ನು ಬರೆದಿಟ್ಟುಕೊಳ್ಳಿ. ಬೆಳಗ್ಗೆ ತಣ್ಣಗಿದ್ದಾಗ ಮಾತ್ರ ಆದರೆ ಚೋಕ್ (ತಣ್ಣಗಿನ ಇಂಜಿನ್ನಿಗೆ ಪೆಟ್ರೋಲ್ ಪಾಲು ಹೆಚ್ಚಿಸುವ ಭಾಗ) ನೋಡಿಸಿ. ಬ್ರೇಕ್ ತುಳಿದಾಗಲೇ ಆದರೆ ಬ್ರೇಕ್ ತುಳಿತಕ್ಕೆ ಬಲ ಕೊಡುವ ಬೂಸ್ಟರಿನ ಪೈಪ್ ನೋಡಿಸಿ. ಗ್ಯಾರೇಜಿನವರೂ ಏನು ಪರೀಕ್ಷೆ ಮಾಡಿ ಯಾವ ಪಾರ್ಟ್ ಬದಲಿಸಿದೆವು ಅಂತ ಬಿಲ್ಲಿನಲ್ಲಿ ಬರೆಯಲಿ, ಹಳೆಯದನ್ನು ವಾಪಸ್ ಕೊಡಲಿ. ನನ್ನ ಹಳೆ ಪ್ಲಗ್, ವೈರ್ ಕೇಳಲು ಮೊನ್ನೆ ಹೋಗಿದ್ದೆ. "ಅವತ್ತೇ ಎಸೆದ್ವಲ್ಲ ಸಾರ್" ಅಂದರು.

– ಒಬ್ಬ ಓದುಗ, ವಿದ್ಯಾನಗರ, ದಾವಣಗೆರೆ